ದೇವರ ಗೂಡಿನಲ್ಲಿದ್ದ ಗುಂಡು

ಚೇಳೂರು
ತಾ. 19-2-1972

ಪ್ರೀತಿಯ ತಂಗಿ ಪುಟ್ಟಗಂಗಮ್ಮನಿಗೆ ನಿನ್ನ ಅಣ್ಣನ ಆಶೀರ್ವಾದ.

ಕುಣಿಗಲ್ಲಿನ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ನೀನೇ ಸಾಕಿ ಬೆಳೆಸಿದ ನನ್ನ ಮಗಳು ಚೆನ್ನಮ್ಮ, ಅವಳ ಕೂಸು ಕ್ಷೇಮ ತಾನೆ? ಬಾಣಂತಿಗೆ ನೀರು ಹಾಕುವ ಭರದಲ್ಲಿ ನಿನ್ನ ಊಟ ಮರೆಯಬೇಡ. ನಾನು ಚೆನ್ನಾಗಿದ್ದೇನೆ. ಈ ಕಾಗದವನ್ನು ಕುಳಿತು ನೀನೇ ಓದು, ಚೆನ್ನಮ್ಮನ ಕೈಗೆ ಕೊಡಬೇಡ.

ಬರ್ಮಾ ಯುದ್ಧದಲ್ಲಿ ತೀರಿಕೊಂಡ ನಿನ್ನ ಯಜಮಾನ ಶಿವರಾಮಯ್ಯನ ಗುರುತು ಎಂದು, ಅವನ ಜೊತೆ ದಂಡಿನಲ್ಲಿದ್ದ ನಾನು ತಂದುಕೊಟ್ಟಿದ್ದ ಫಿರಂಗಿಯ ಹಿತ್ತಾಳೆ ಗುಂಡು ಈಗ ದೇವರ ಗೂಡಿನಲ್ಲಿಲ್ಲ. ಹೋದ ಸೋಮವಾರ ಕೋರದ ಕರಿಸಿದ್ದಪ್ಪ ಬಂದಿದ್ದ. ನಮ್ಮ ದೊಡ್ಡಮ್ಮನ ಮೊಮ್ಮಗ, ಮಿಲಿಟರಿ ಡಿಪೋದಲ್ಲಿ ಕಾಲ ಮೀರಿದ ಶೆಲ್ಲುಗಳನ್ನು ಆರಿಸಿ ನಾಶಮಾಡುವ ಕೆಲಸದವನು, ರಜೆಯಲ್ಲಿದ್ದಾನೆ. ದೇವರಿಗೆ ಕೈಮುಗಿಯಲು ಹೋದವನು ಹಾಗೇ ನಿಂತುಬಿಟ್ಟ. “ದೊಡ್ಡಪ್ಪ, ಇದು ಖಾಲಿ ಅಲ್ಲ. ಒಳಗೆ ಮದ್ದು ಹಂಗೇ ಐತೆ. ಹಳೇದಾದಷ್ಟೂ ಸಣ್ಣ ಪೆಟ್ಟಿಗೂ ಸಿಡೀತದೆ,” ಎಂದ. ನೀನು ಹಬ್ಬಹಬ್ಬಕ್ಕೂ ಹುಣಿಸೆಹಣ್ಣು ಹಚ್ಚಿ ಅದನ್ನು ತಿಕ್ಕಿ ಕಲ್ಲಿನ ಮೇಲೆ ಇಡುತ್ತಿದ್ದದ್ದು ನೆನಪಾಯಿತು. ಆ ಗೂಡಿನ ಕೆಳಗೇ ಅಲ್ಲವೇ ಚಾಪೆ ಹಾಸಿ ಚೆನ್ನಮ್ಮನನ್ನು ಮಲಗಿಸುತ್ತಿದ್ದದ್ದು.

ಅವನು ನನ್ನನ್ನೂ ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ದೂರ ಕಳಿಸಿ, ಯಾರೂ ಒಳಗೆ ಹೋಗದಂತೆ ಕಾವಲು ನಿಂತ. ಗುಬ್ಬಿ ಪೊಲೀಸರ ಮೂಲಕ ಸುದ್ದಿ ಹೋಗಿ, ಮೂರನೆಯ ದಿನ ಬೆಂಗಳೂರಿನಿಂದ ಮಿಲಿಟರಿಯವರು ಬಂದರು. ಮರಳು ತುಂಬಿದ ಪೆಟ್ಟಿಗೆಯಲ್ಲಿ ಹಸುಗೂಸಿನ ಹಾಗೆ ಅದನ್ನು ಮಲಗಿಸಿ, ಊರಾಚೆಯ ಹಾಳು ಕಲ್ಲುಗಣಿಗೆ ಒಯ್ದರು. ನಾನೂ ಹಿಂದೆ ಹೋದೆ. ಮದ್ದು ತೆಗೆದು ಹಿತ್ತಾಳೆಯನ್ನಾದರೂ ಕೊಡಿ, ನನ್ನ ತಂಗಿಗೆ ಬೇರೇನೂ ಇಲ್ಲ ಎಂದು ಬೇಡಿದೆ. ಕರಿಸಿದ್ದಪ್ಪ ನನ್ನ ಭುಜ ಹಿಡಿದು, “ಬಿಚ್ಚಕ್ಕೋದ್ರೆ ಇವ್ರ ಪ್ರಾಣ ಹೋಗ್ತದೆ ದೊಡ್ಡಪ್ಪ. ಇವ್ರ ಮನೇಲೂ ಹೆಂಡ್ರು ಮಕ್ಳು ಕಾಯ್ತಾ ಅವ್ರೆ,” ಎಂದ. ನಾನು ದಾರಿ ಬಿಟ್ಟು ಹಿಂದೆ ಸರಿದೆ. ಗುಂಡಿ ತೋಡಿ, ಸುತ್ತ ಮರಳುಚೀಲ ಒಟ್ಟಿ, ಉದ್ದಕ್ಕೂ ವೈರು ಎಳೆದು, ದೂರದಿಂದ ಸಿಡಿಸಿದರು. ನೆಲ ಒಮ್ಮೆ ಅದುರಿತು. ಮಣ್ಣು ತೆಂಗಿನ ಮರದೆತ್ತರ ಎದ್ದು ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಅಷ್ಟೇ ಪುಣ್ಯ.

ಅಳಿಯಂದಿರಿಗೂ ಚೆನ್ನಮ್ಮನಿಗೂ ಆಶೀರ್ವಾದ ತಿಳಿಸು. ಕೂಸಿಗೆ ದೃಷ್ಟಿ ತೆಗೆ.

ನಿನ್ನ ಅಣ್ಣ
ರಾಮಾಂಜಿನಯ್ಯ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು. ಆ ಗುಂಡು ಶಿವರಾಮಯ್ಯನದಲ್ಲ. ಅವನ ಸಾಮಾನೆಲ್ಲ ಬೆಂಕಿಗೆ ಹೋಗಿತ್ತು. ಬರಿಗೈಯಲ್ಲಿ ನಿನ್ನ ಮುಂದೆ ನಿಲ್ಲಲಾರದೆ, ಕ್ಯಾಂಪಿನಲ್ಲಿ ಬಿದ್ದಿದ್ದನ್ನು ಖಾಲಿ ಎಂದುಕೊಂಡು ಎತ್ತಿ ತಂದೆ. ಅವನು ನಿನಗೆಂದು ಬಿಟ್ಟುಹೋದದ್ದು ಆಸ್ಪತ್ರೆ ಡೇರೆಯಲ್ಲಿ ನನಗೆ ಹೇಳಿದ ಒಂದೇ ಮಾತು: “ಗಂಗೀನ ಹಂಗೇ ಕೂರಿಸ್ಬ್ಯಾಡ ಭಾವ, ಇನ್ನೊಂದು ಮನೆ ಸೇರ್ಸು.” ಆಗ ನನ್ನ ಹೆಂಡತಿ ತೀರಿದ್ದಳು, ಚೆನ್ನಮ್ಮನಿಗೆ ಎರಡು ವರ್ಷ. ನೀನು ಹೋದರೆ ಮಗುವನ್ನು ಯಾರು ನೋಡುತ್ತಾರೆಂದು ಆ ಮಾತನ್ನು ನುಂಗಿಬಿಟ್ಟೆ. ನಿನಗಾಗ ಇಪ್ಪತ್ತು ವರ್ಷ. ಎಷ್ಟು ಬೈಯಬೇಕೋ ಬೈ ತಾಯಿ, ಆದರೆ ಮನೆಗೆ ಬಾ.