ಉಸಿರೆತ್ತಬೇಡ

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಜೀರುಂಡೆಗೆ,

ಹೇಗಿದ್ದೀಯ ಮಗಳೇ? ತಲೆನೋವು ಕಡಿಮೆಯಾಯಿತೆ? ಪಾಳಿ ಮುಗಿಸಿ ಹೊರಗೆ ಬಂದರೆ ಹೋಗುತ್ತದೆಯೋ, ಮಲಗಿ ಎದ್ದರೂ ಇರುತ್ತದೆಯೋ, ಸರಿಯಾಗಿ ಬರೆ. ಅಪ್ಪ ಚೆನ್ನಾಗಿದ್ದಾರೆ. "ಅವಳು ಸುರಂಗ ಅಳೀತಾಳೆ, ನೀನು ನಿಟ್ಟುಸಿರು ಅಳೀತಾ ಕೂತಿದ್ದೀಯ" ಎಂದು ರೇಗಿಸುತ್ತಾರೆ. ನಿನ್ನ ಪತ್ರವನ್ನು ಅವರಿಗೆ ತೋರಿಸಿಲ್ಲ. ಫೋನು ಬಂದರೆ ಎತ್ತುವ ಮುಂಚೆ ನಾನು ಗೋಡೆ ಹಿಡಿದುಕೊಳ್ಳುವುದನ್ನೂ ಅವರು ಕಂಡಿಲ್ಲ.

ನಿನ್ನೆ ಕಾಲೇಜಿನ ಪ್ರಯೋಗಾಲಯದಲ್ಲಿ ಜಿರಲೆಯ ಪಾಠವಿತ್ತು. ಜೀವಂತ ಜಿರಲೆಯೊಂದರ ತಲೆಯನ್ನಷ್ಟೇ ನೀರಿನಲ್ಲಿ ಅದ್ದಿ ಹಿಡಿದೆ. "ಅಯ್ಯೋ ಮೇಡಂ, ಸತ್ತೋಗುತ್ತೆ!" ಎಂದು ಹುಡುಗಿಯರು ಕೂಗಿದರು. ಅದು ಆರಾಮವಾಗಿ ಕಾಲಾಡಿಸುತ್ತಿತ್ತು. ಅದು ಉಸಿರಾಡುವುದು ಮುಖದಿಂದಲ್ಲ, ಪಕ್ಕೆಗಳಲ್ಲಿರುವ ಹತ್ತು ಜೊತೆ ಕಂಡಿಗಳಿಂದ. ಅಲ್ಲಿಂದ ಕೊಳವೆಗಳು ಕವಲೊಡೆದು, ಕೂದಲಿಗಿಂತ ತೆಳ್ಳಗಾಗಿ, ಗಾಳಿಯನ್ನು ಮೈಯ ಮೂಲೆಮೂಲೆಗೆ ಮುಟ್ಟಿಸುತ್ತವೆ, ರಕ್ತದ ಹಂಗಿಲ್ಲದೆ ಎಂದು ವಿವರಿಸಿದೆ. "ಹಾಗಾದ್ರೆ ನೆಗಡಿಯಾದ್ರೆ ಪಕ್ಕೆ ಸೋರುತ್ತಾ ಮೇಡಂ?" ಎಂದಳು ಹಿಂದಿನ ಬೆಂಚಿನ ತರಲೆ. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಕೊಯ್ದಿಟ್ಟ ಇನ್ನೊಂದು ಜಿರಲೆಯ ಬೆಳ್ಳಿಯಂಥ ಕೊಳವೆಗಳನ್ನು ಮಸೂರದಡಿ ನೋಡುತ್ತಿದ್ದಂತೆ ನಿನ್ನ ಸುರಂಗ ಕಣ್ಣೆದುರು ಬಂತು. ಹೆಬ್ಬೆರಳಿನಷ್ಟು ಜೀವಕ್ಕೆ ಇಪ್ಪತ್ತು ಕಂಡಿ. ನಿನ್ನ ಸುರಂಗಕ್ಕೆ ಒಂದೇ ಬಾಯಿ, ಹೊರಗಿನ ಗಾಳಿ ಒಳಗೆ ತರಲು ಒಂದೇ ಗಾಳಿಕೊಳವೆ, ಅದೂ ನೀನು ಬರೆದಂತೆ ಮೂರು ಕಡೆ ಹರಿದು ಟೇಪು ಸುತ್ತಿಸಿಕೊಂಡಿದ್ದು. ಚಿಮಟ ಕೆಳಗಿಟ್ಟೆ.

"ಮೇಲಿನವರ ಹತ್ರ ಉಸಿರೆತ್ತಬೇಡ" ಎಂದನಂತೆ ನಿಮ್ಮ ಮೇಸ್ತ್ರಿ. ನೀನೂ ಪತ್ರದ ಕೊನೆಗೆ ಅದನ್ನೇ ಬರೆದಿದ್ದೀಯ: ಯಾರ ಹತ್ರಾನೂ ಉಸಿರೆತ್ತಬೇಡಮ್ಮ, ಕೆಲಸ ಹೋಗುತ್ತೆ. ನೆನಪಿದೆಯೆ? ಆಗ ನಿನಗೆ ಐದು ವರ್ಷ. ಅಪ್ಪನ ಕನ್ನಡಕ ನನ್ನ ಕೈಯಲ್ಲಿ ಒಡೆದಿತ್ತು. "ಅಪ್ಪ ಬಂದಾಗ ಉಸಿರೆತ್ತಬೇಡ" ಎಂದು ಹೇಳಿದ್ದೆ. ಅವರು ಬಾಗಿಲು ತೆಗೆದದ್ದೇ ತಡ, ನೀನು ಎರಡು ಬೆರಳಲ್ಲಿ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಬಾಗಿಲ ಹಿಂದೆ ನಿಂತುಬಿಟ್ಟೆ. ತುಟಿ ನೀಲಿಯಾದ ಮೇಲೆಯೇ ನಮಗೆ ಗೊತ್ತಾದದ್ದು. ಬೆನ್ನು ತಟ್ಟಿದರೆ, "ನೀನೇ ಹೇಳಿದ್ದಲ್ವಾ" ಎಂದು ಅತ್ತೆ. ಕೆಲವು ಹುಳುಗಳು ಕಂಡಿಗಳನ್ನು ಮುಚ್ಚಿಕೊಂಡು ತಾಸುಗಟ್ಟಲೆ ಇರಬಲ್ಲವು. ನನ್ನ ಜೀರುಂಡೆಗೆ ಒಂದು ನಿಮಿಷವೂ ಆಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಡುವು ಸಿಕ್ಕಾಗಲೆಲ್ಲ ಹೊರಗೆ ಬಂದು ಬಯಲಿನಲ್ಲಿ ನಿಲ್ಲು. ನಿನ್ನ ನೆತ್ತಿ ತಂಪಾಗಿರಲಿ.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮುಂಚೆ: ಇವತ್ತು ಬೆಳಿಗ್ಗೆ ಸರ್ಕಾರದ ಸುರಕ್ಷತಾ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ನಾಳೆಯೇ ಸುರಂಗಕ್ಕೆ ಬಂದು ನೋಡುತ್ತಾರಂತೆ. ನಿನ್ನ ಹೆಸರು ಎತ್ತಲಿಲ್ಲ. ಆದರೆ ಮೇಸ್ತ್ರಿಗೆ ಗೊತ್ತಾಗದೇ ಇರದು. ಕೆಲಸ ಹೋದರೆ ಅದು ನನ್ನಿಂದಲೇ. ಫೋನು ಮಾಡಿ ಬಾಯ್ತುಂಬ ಬಯ್ಯಿ. ಬಯ್ಯಲಿಕ್ಕೂ ಉಸಿರು ಬೇಕಲ್ಲ, ಅದು ಕೇಳಿಸಿದರೆ ಸಾಕು.