ಇವತ್ತು ಬೋಟುಗಳು ಹೊರಡುತ್ತವೆ

ದೀಕ್ಷಾಳ ಅಪ್ಪನಿಗೆ,

ಉದ್ಯಾವರಕ್ಕೆ ಅಕ್ಕನ ಮನೆಗೆ ಹೋಗಿದ್ದೇನೆ, ಸಂಜೆ ಬರುತ್ತೇನೆ.

ಗಂಜಿ ಒಲೆಯ ಮೇಲೆ ಉಂಟು, ಒಣಮೀನಿನ ಚಟ್ನಿ ಡಬ್ಬಿಯಲ್ಲಿ. ಬಿಪಿ ಮಾತ್ರೆ ಮರೆಯಬೇಡಿ.

ಇಲ್ಲದ ಬೋಟಿಗೆ ಬಲೆ ಹೊಲಿಯುತ್ತಾ ಕೂರಬೇಡಿ ಮಾರಾಯ್ರೇ, ಚಾವಡಿ ತುಂಬ ನೂಲು.

ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ರಜೆ ಮುಗಿದು ಇವತ್ತು ಮಲ್ಪೆಯಿಂದ ಬೋಟುಗಳು ಹೊರಡುತ್ತವೆ. ನೋಡಬೇಕೆನಿಸಿದರೆ ಹೋಗಿ ಬನ್ನಿ, ನನ್ನಿಂದ ಮುಚ್ಚಿಡುವುದು ಬೇಡ. ಕೊಡೆ ಬಾಗಿಲ ಹಿಂದೆ ಉಂಟು.

ಹಟ ಹಿಡಿದು ನಮ್ಮ ಬೋಟು ಮಾರಿಸಿದವಳು ನಾನು. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ನನಗೂ ಗೊತ್ತಿಲ್ಲ.

ಪ್ರತಿ ವರ್ಷ ನೀವು ಹೊರಡುವ ಹಿಂದಿನ ರಾತ್ರಿ ಗಾಳಿಯ ಸದ್ದು ಕೇಳುತ್ತಾ ಎಚ್ಚರವಾಗಿಯೇ ಇರುತ್ತಿದ್ದೆ. ನಿನ್ನೆ ಜೋರು ಗಾಳಿ ಬೀಸಿತಂತೆ, ಪಕ್ಕದ ಮನೆಯ ಸುಗಂಧಿಯಕ್ಕ ಹೇಳಿದರು. ನನಗೆ ಗೊತ್ತೇ ಆಗಲಿಲ್ಲ.