ಆರೂ ಚೆನ್ನಾಗಿವೆ

ಬುಧವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಪುಟ್ಟಿ,

ನಿನ್ನ ಅಕ್ಕನ ಆಶೀರ್ವಾದಗಳು. ನೀನೂ ನಿನ್ನ ಯಜಮಾನರೂ ಫೋನೂ ಸಿಗದ ಆ ಸೇತುವೆ ಕೆಲಸದ ಬಿಡಾರದಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ತಾನಾಗಿಯೇ ಹೊರಟಿತು. ನಿಲ್ಲಿಸಿದೆ. ಗುಬ್ಬಿಗೆ ಹುಷಾರಿಲ್ಲ. ಮೊದಲು ನಿನ್ನ ಮೀನುಗಳ ವಿಷಯ ಬರೆಯುತ್ತೇನೆ, ಆಮೇಲೆ ನಿನ್ನ ಮಗಳ ವಿಷಯ. ಮೀನಿನದು ಹೇಳದೆ ಮಗುವಿನದು ಹೇಳಲು ಬರುವುದಿಲ್ಲ. ಮಧ್ಯದಲ್ಲಿ ಎಷ್ಟೇ ಸಿಟ್ಟು ಬಂದರೂ ಕೊನೆಯವರೆಗೆ ಓದು.

ಒಂಬತ್ತು ವಾರದ ಹಿಂದೆ ನೀನು ಹೊರಡುವಾಗ ಬೀರುವಿನ ಬಾಗಿಲಿಗೆ ಅಂಟಿಸಿಹೋದ ಹಾಳೆ ಈಗ ನನ್ನ ಮುಂದೆಯೇ ಇದೆ. ಗುಬ್ಬಿಯ ಊಟ, ಶಾಲೆ, ಟಾನಿಕ್ ಎಲ್ಲ ಸೇರಿ ಐದು ಸಾಲು; ಕೋರಿಡೋರಾಸ್ ಮೀನಿಗೆ ಇಡೀ ಒಂದು ಪುಟ! ಆಗ ನಿನ್ನನ್ನು ರೇಗಿಸಿದ್ದೆ, ನೆನಪಿದೆಯಾ? ಮಗಳನ್ನು ನನ್ನ ಮೇಲೆ ನಂಬಿಕೆ ಇಟ್ಟು ಬಿಡ್ತೀಯ, ಈ ಹೆಬ್ಬೆರಳುದ್ದದ ಮೀಸೆ ಮೀನಿನ ವಿಷಯಕ್ಕೆ ಬಂದ್ರೆ ನಂಬಿಕೆ ಇಲ್ವೇನೇ ಎಂದಿದ್ದೆ. ನೀನು ನಕ್ಕು, ಗುಬ್ಬಿಗೆ ಬಾಯಿದೆ ಕಣೇ ಅಕ್ಕ, ಏನಾದ್ರೂ ಆದ್ರೆ ಹೇಳ್ತಾಳೆ, ಇವಕ್ಕೆ ಬಾಯಿಲ್ಲ ಅಂದಿದ್ದೆ.

ಹಾಳೆಯನ್ನು ನಾನು ಅಕ್ಷರಶಃ ಪಾಲಿಸಿದೆ. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಅಳತೆ ಬರೆದುಕೊಟ್ಟರೆ ಒಂದು ನೂಲೂ ಆಚೀಚೆ ಆಗುವುದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದೆ. ನಲ್ಲಿ ನೀರಿಗೆ ಕ್ಲೋರಿನ್ ಕಳೆಯುವ ಆ ಸೀಸೆಯ ಹನಿ ಬೆರೆಸದೆ ಒಂದು ಚೊಂಬೂ ಹಾಕಲಿಲ್ಲ. ತಳಕ್ಕೆ ಮುಳುಗುವ ಆಹಾರದ ಗುಳಿಗೆಯನ್ನೇ ಹಾಕಿದೆ, ತೇಲುವ ಆಹಾರ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ನೀರಿಗೆ ತಣ್ಣನೆಯ ಗಾಳಿ ಹೊಡೆಯಬಾರದೆಂದು ನೀನು ಬರೆದಿದ್ದಕ್ಕೆ ಮೀನಿನ ತೊಟ್ಟಿ ಇರುವ ಗುಬ್ಬಿಯ ಕೋಣೆಯ ಎರಡು ಕಿಟಕಿಗಳನ್ನೂ ಮುಚ್ಚಿ, ಸಂದಿಗೆ ಹಳೆಯ ಬಟ್ಟೆ ತುರುಕಿದೆ. ಅದೊಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು.

ಎರಡನೆಯ ವಾರ ತೊಟ್ಟಿಯ ಹೊರಗೆ ಅಂಟಿಸಿದ್ದ ಶಾಖ ತೋರಿಸುವ ಪಟ್ಟಿ ಉದುರಿಬಿತ್ತು. ನೀರು ಇಪ್ಪತ್ತನಾಲ್ಕು ಡಿಗ್ರಿ ಇರಬೇಕು ಎಂದು ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಹೊಸ ಪಟ್ಟಿ ತರಲು ಸಾಕುಮೀನಿನ ಅಂಗಡಿಗೆ ಹೋಗುವ ಬದಲು ನಾನು ಬುದ್ಧಿವಂತಿಕೆ ತೋರಿಸಿದೆ. ಅಮ್ಮನ ಔಷಧಿ ಡಬ್ಬಿಯಲ್ಲಿದ್ದ ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿಗೆ ದಾರ ಕಟ್ಟಿ ನೀರಿಗೆ ಇಳಿಬಿಟ್ಟೆ. ಹತ್ತು ನಿಮಿಷ ಕಾದರೂ ಅದು ಏರಲೇ ಇಲ್ಲ. ಜ್ವರದ ಕಡ್ಡಿಗೆ ಮೂವತ್ತೈದರ ಕೆಳಗೆ ಲೆಕ್ಕವೇ ಇಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅಯ್ಯೋ, ನೀರು ಹಿಮವಾಗಿದೆ, ಮೀನು ಸಾಯುತ್ತವೆ ಎಂದು ಗಾಬರಿಯಾಗಿ ಒಲೆಯ ಮೇಲಿದ್ದ ಬಿಸಿನೀರು ತಂದು ಆ ಕಡ್ಡಿಯ ಪಕ್ಕದಲ್ಲೇ ಸುರಿದೆ. ಟಿಕ್ ಎಂದು ಸದ್ದಾಯಿತು. ಅಷ್ಟೇ.

ಗಾಜಿನ ಚೂರುಗಳನ್ನು ಎತ್ತಿದೆ. ಪಾದರಸ ಮಾತ್ರ ಸಣ್ಣ ಸಣ್ಣ ಗುಂಡುಗಳಾಗಿ ನಿನ್ನ ನುಣ್ಣನೆಯ ಮರಳಿನ ಮೇಲೆ ಹರಡಿತು. ಗುಬ್ಬಿ ಪಕ್ಕದಲ್ಲೇ ಇದ್ದಳು. ಅಂಥ ಚಂದದ್ದನ್ನು ಅವಳು ಜನ್ಮದಲ್ಲೇ ನೋಡಿರಲಿಲ್ಲ. ಬೆಳ್ಳಿ ಮುತ್ತು, ಬೆಳ್ಳಿ ಮುತ್ತು ಎಂದು ಕುಣಿದಳು. ದೊಡ್ಡವನ್ನು ಚಮಚದಲ್ಲಿ ಬಗೆದು ತೆಗೆದೆ. ಚಿಕ್ಕವು ಮರಳಿನೊಳಗೆ ಇಳಿದುಹೋದವು.

ಪುಟ್ಟಿ, ನನ್ನ ಕೈಯಿಂದ ಒಂದು ಲೋಟ ಬಿದ್ದು ಒಡೆದದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಇಲ್ಲ. ನಾನು ಒಡೆಯುವವಳಲ್ಲ, ಒಡೆದವರಿಗೆ ಬೈಯುವವಳು. ನೀವು ಹೊರಡುವ ವಾರವೇ ನಿನ್ನ ಗಂಡ ಒಂದು ಬಟ್ಟಲು ಒಡೆದದ್ದಕ್ಕೆ ಎಷ್ಟು ಬೈದಿದ್ದೆ! ಹಾಗಿರುವಾಗ ಮೊದಲ ಪತ್ರದಲ್ಲೇ ನಿನ್ನ ತೊಟ್ಟಿಯಲ್ಲಿ ಬಿಸಿನೀರು ಸುರಿದೆ ಎಂದು ಹೇಗೆ ಬರೆಯಲಿ? ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೂ ಬೇಡ, ಯಾರಿಗೂ ಹೇಳಬೇಡ ಅಂದೆ. ಆ ಮಾತಿಗೆ ಲಂಚವಾಗಿ ಚಮಚದಲ್ಲಿದ್ದ ಮುತ್ತುಗಳನ್ನು ನನ್ನ ಗುಂಡಿ ಡಬ್ಬಿಯ ಮುಚ್ಚಳಕ್ಕೆ ಹಾಕಿ ಅವಳ ಕೈಗೇ ಕೊಟ್ಟೆ. ಹೌದು, ನಾನೇ ಕೊಟ್ಟೆ. ಇದನ್ನು ಎರಡು ಸಲ ಬರೆದು ಎರಡು ಸಲ ಹಾಳೆ ಹರಿದಿದ್ದೇನೆ. ಇದು ಮೂರನೆಯ ಹಾಳೆ.

ಮರಳಲ್ಲಿ ಉಳಿದದ್ದು ಕಣ್ಣಿಗೆ ಬೀಳಬಾರದೆಂದು ಪೇಟೆಯಿಂದ ಬಣ್ಣದ ಕಲ್ಲು ಎರಡು ಚೀಲ ತಂದು ಮೇಲೆ ಸುರಿದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ನಿನ್ನ ಕೋರಿಗಳು ಇಡೀ ದಿನ ಮೂತಿಯಿಂದ ಮರಳು ಕೆದಕಿ ಬದುಕುವ ಜೀವಗಳು. ಪಾಪ, ಚೂಪು ಅಂಚಿನ ಕಲ್ಲಲ್ಲಿ ಅವು ಏನನ್ನು ಕೆದಕುತ್ತವೆ? ಗುಳಿಗೆ ಕಲ್ಲಿನ ಸಂದಿಗೆ ಬಿದ್ದು ಅಲ್ಲೇ ಕೊಳೆಯಿತು. ಕಲ್ಲು ಕದಲಿಸಿ ತೊಳೆಯೋಣವೆಂದರೆ ಕೆಳಗಿನದು ಮೇಲೆ ಬಂದೀತೆಂದು ನನಗೆ ಭಯ. ಅವುಗಳ ಮೀಸೆ ದಿನದಿನಕ್ಕೆ ಸವೆದು ಮೊಂಡಾಯಿತು, ಬಾಯಿಯ ಸುತ್ತ ಕೆಂಪಾಯಿತು. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಳಿ ನುಂಗುವುದು ಅವುಗಳ ಸ್ವಭಾವ, ಪದೇಪದೇ ಓಡಿಬಂದರೆ ನೀರು ಕೆಟ್ಟಿದೆ ಎಂದು ನೀನೇ ಬರೆದಿದ್ದೆ. ಅವು ಗಳಿಗೆಗೊಮ್ಮೆ ಓಡಿಬರತೊಡಗಿದವು. ನಾನು ನೋಡಿಯೂ ನೋಡದವಳಂತೆ ಹೊಲಿಗೆ ಯಂತ್ರದ ಮುಂದೆ ಕೂತೆ.

ಐದನೆಯ ವಾರ ಒಂದು ಸತ್ತಿತು. ಅಂಗಡಿಯಿಂದ ಅದೇ ಬಣ್ಣದ್ದು, ಅದೇ ಅಳತೆಯದು ಇನ್ನೊಂದನ್ನು ತಂದು ಬಿಟ್ಟೆ. ಏಳನೆಯ ವಾರ ಎರಡು, ಅವಕ್ಕೂ ಬದಲಿ ತಂದೆ. ನೀನು ಪ್ರತಿ ಪತ್ರದಲ್ಲೂ ಮೀಸೆ ಉದ್ದವಾಗಿದೆಯಾ ಅಕ್ಕ ಎಂದು ಕೇಳುತ್ತಿದ್ದೆ, ನಾನು ಪ್ರತಿ ಸಲವೂ ಆರೂ ಚೆನ್ನಾಗಿವೆ ಎಂದು ಬರೆಯುತ್ತಿದ್ದೆ. ಲೆಕ್ಕ ಸುಳ್ಳಲ್ಲವಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ.

ಈಗ ಗುಬ್ಬಿ. ಒಂದು ತಿಂಗಳಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಮೊದಲು ಹಟ ಅಂದುಕೊಂಡೆ, ಆಮೇಲೆ ನಿನ್ನ ನೆನಪು ಅಂದುಕೊಂಡೆ. ಮುಟ್ಟಿದ್ದಕ್ಕೆಲ್ಲ ಅಳುತ್ತಾಳೆ. ಸುಮ್ಮನೆ ಕೂತಿದ್ದರೂ ಬೆವರಿ ಅಂಗಿ ಒದ್ದೆ. ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಬೆರಳ ತುದಿಯ ಚರ್ಮ ಸುಲಿಯುತ್ತಿದೆ. ಬೆಳಕು ಕಣ್ಣು ಚುಚ್ಚುತ್ತೆ ಎನ್ನುತ್ತಾಳೆ. ಕಳೆದ ವಾರ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಒಳ್ಳೆಯವರು, ಮುಲಾಮು ಬರೆದುಕೊಟ್ಟು ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲೆ, "ಮನೇಲಿ ಹೊಸದಾಗಿ ಏನಾದ್ರೂ ತಂದಿದೀರಾ? ಬಣ್ಣ, ಔಷಧಿ, ಏನಾದ್ರೂ ಚೆಲ್ಲಿತ್ತಾ, ಒಡೆದಿತ್ತಾ?" ಎಂದು ಕೇಳಿದರು. ನಾನು ಏನೂ ಇಲ್ಲ ಡಾಕ್ಟ್ರೇ ಅಂದೆ. ಆ ಕಡ್ಡಿಗೂ ಇವಳ ಅಂಗೈಗೂ ಏನು ಸಂಬಂಧ ಎಂದುಕೊಂಡೆ. ಅವರು ಗುಬ್ಬಿಯನ್ನೂ ಕೇಳಿದರು. ಅವಳು ಮೊದಲು ನನ್ನ ಮುಖ ನೋಡಿ, ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು. ಎಷ್ಟು ಜಾಣೆ ಎಂದು ಆ ಕ್ಷಣದಲ್ಲಿ ನನಗೆ ಹೆಮ್ಮೆಯೇ ಆಯಿತು.

ನಿನ್ನೆ ಇನ್ನೊಂದು ಕೋರಿ ಒರಗಿಬಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ ಅವರು ಮೀನು ಕೊಡಲು ಒಪ್ಪಲಿಲ್ಲ. "ಅಮ್ಮಾ, ನಾನು ಮೀನು ಮಾರೋನೇ, ಬೇಡ ಅನ್ನಲ್ಲ. ಆದ್ರೆ ಇದು ನಾಲ್ಕನೇದು. ಸತ್ತಿದ್ದನ್ನೂ ತಳದಲ್ಲಿ ಇರೋದನ್ನೂ ಒಂದು ಹಿಡಿ ತಗೊಂಡ್ಬನ್ನಿ, ಮೊದ್ಲು ನೋಡ್ತೀನಿ" ಅಂದರು. ಇವತ್ತು ಬೆಳಿಗ್ಗೆ ಗುಬ್ಬಿಯನ್ನು ಶಾಲೆಗೆ ಕಳಿಸದೆ ಜೊತೆಗೇ ಕರೆದುಕೊಂಡು ಹೋದೆ. ಅವರು ಮೀನಿನ ಮೂತಿ ನೋಡಿ ಲೊಚಗುಟ್ಟಿ, ಕಲ್ಲಿನಿಂದಲೇ ಮೀಸೆ ಹೋಯಿತು, ಕೊಳಕಿನಿಂದ ಪ್ರಾಣ ಹೋಯಿತು ಎಂದರು. ಮರಳನ್ನು ಬಿಳಿ ತಟ್ಟೆಗೆ ಸುರಿದು ಬೆರಳಿಂದ ಕೆದಕುತ್ತಿದ್ದವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ತಟ್ಟೆಯ ಅಂಚಿಗೆ ಒಂದು ಮುತ್ತು ಉರುಳಿ ಬಂದಿತ್ತು.

ಗುಬ್ಬಿ ಖುಷಿಯಿಂದ, "ಅಂಕಲ್, ಇದು ನನ್ ಹತ್ರನೂ ಇದೆ! ಲೈಟ್ ಮೇಲೆ ಇಟ್ಟಿದೀನಿ, ಅಲ್ಲಿ ಚೆನ್ನಾಗಿ ಹೊಳೆಯುತ್ತೆ" ಅಂದಳು.

ಯಾವ ಲೈಟು ಎಂದು ಅವರು ಕೇಳಿದರು. ತೊಟ್ಟಿಯ ಮುಚ್ಚಳದ ಮೇಲಿನ ದೀಪ, ಪುಟ್ಟಿ. ದಿನಕ್ಕೆ ಹತ್ತು ಗಂಟೆ ಉರಿಯುವ, ಮುಟ್ಟಿದರೆ ಬೆಚ್ಚಗಿರುವ ಆ ತಗಡಿನ ಮೇಲೆ ಅವಳು ಮುತ್ತಿದ್ದ ಗುಂಡಿ ಡಬ್ಬಿಯ ಮುಚ್ಚಳ ಇಟ್ಟಿದ್ದಳು. ಅವಳ ದಿಂಬಿನಿಂದ ಅಲ್ಲಿಗೆ ಒಂದು ಮೊಳವೂ ಇಲ್ಲ. ಪಾದರಸ ಬೆಚ್ಚಗಾದರೆ ಕಣ್ಣಿಗೆ ಕಾಣದ ಆವಿಯಾಗುತ್ತದಂತೆ, ಮುಚ್ಚಿದ ಕೋಣೆಯಲ್ಲಿ ಅದು ಹೊರಗೆ ಹೋಗುವುದಿಲ್ಲವಂತೆ, ಮಕ್ಕಳು ಅದನ್ನೇ ಉಸಿರಾಡುತ್ತಾರಂತೆ. ಅಂಗಡಿಯವರು ಇಷ್ಟನ್ನೂ ಬಹಳ ಮೆಲ್ಲಗೆ, ಗುಬ್ಬಿಗೆ ಕೇಳಿಸದ ಹಾಗೆ ಹೇಳಿದರು. "ಗುಡಿಸ್ಬೇಡಿ, ಮುಟ್ಬೇಡಿ. ಕಿಟಕಿ ತೆಗೆದು ಬಾಗಿಲು ಮುಚ್ಚಿ, ಮಗೂನ ಆ ಕೋಣೆಗೆ ಬಿಡ್ಬೇಡಿ. ಡಾಕ್ಟರ ಹತ್ರ ಇವತ್ತೇ ಹೋಗಿ. ನಾಳೆ ಅನ್ಬೇಡಿ ಅಮ್ಮಾ" ಅಂದರು.

ಬಂದವಳೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ಬರುವುದು ನಾಲ್ಕಕ್ಕಂತೆ. ಏನು ತೊಂದರೆ ಎಂದು ಅಲ್ಲಿನ ಹುಡುಗಿ ಕೇಳಿದಳು. ಮಗುವಿಗೆ ಹುಷಾರಿಲ್ಲ ಎಂದಷ್ಟೇ ಅಂದೆ. ನೋಡು, ಆಗಲೂ ನನ್ನ ಬಾಯಿಂದ ಪಾದರಸ ಎಂಬ ಶಬ್ದ ಹೊರಡಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಎಷ್ಟು ಹೇಸಿಗೆಯಾಯಿತೆಂದರೆ, ಮತ್ತೆ ಮಾಡಿ ಎಲ್ಲವನ್ನೂ ಹೇಳಿದೆ. ಆ ಹುಡುಗಿ, "ಮನೆ ಒಳಗೆ ಕೂರ್ಬೇಡಿ, ಹೊರಗೆ ಇರಿ. ನಾನು ಮೇಡಂಗೆ ಈಗ್ಲೇ ತಿಳಿಸ್ತೀನಿ, ಮೂರೂವರೆಗೇ ಬಂದ್ಬಿಡಿ" ಅಂದಳು.

ಅದಕ್ಕೇ ಈ ಪತ್ರವನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕಿಟಕಿಗಳನ್ನೆಲ್ಲ ತೆರೆದಿದ್ದೇನೆ. ಗುಬ್ಬಿ ನನ್ನ ಪಕ್ಕದಲ್ಲಿ ಕೊಡೆಯ ನೆರಳಲ್ಲಿ ಕೂತು, ಮೀಸೆ ಮಾಮಂದಿರಿಗೆ ಯಾರು ಗುಳಿಗೆ ಹಾಕುತ್ತಾರೆ ಎಂದು ಆಗಿಂದ ಕೇಳುತ್ತಿದ್ದಾಳೆ. ಒಳಗೆ ಐದು ಉಳಿದಿವೆ. ಅದರಲ್ಲಿ ನೀನು ಸಾಕಿದವು ಎರಡೇ.

ನಿಮ್ಮ ಬಿಡಾರಕ್ಕೆ ಸಾಮಾನು ಒಯ್ಯುವ ಲಾರಿ ಇವತ್ತು ಐದಕ್ಕೆ ಹೊರಡುತ್ತದೆ. ಚಾಲಕರ ಕೈಗೇ ಈ ಪತ್ರ ಕೊಡುತ್ತೇನೆ, ನಾಳೆ ಮಧ್ಯಾಹ್ನಕ್ಕೆ ನಿನಗೆ ತಲುಪಬೇಕು. ಅದೇ ಲಾರಿ ಹತ್ತಿ ಬಾ. ನಾನೇ ನೋಡಿಕೊಳ್ಳುತ್ತೇನೆ, ನೀನು ಗಾಬರಿಯಾಗಬೇಡ ಎಂದು ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ. ಗಾಬರಿಯಾಗು, ಬೇಗ ಬಾ. ನನ್ನನ್ನು ಬೈಯುವುದಿದ್ದರೆ ಬಂದು ಎದುರಿಗೇ ಬೈಯಿ, ಹೊಡೆದರೂ ಹೊಡೆಸಿಕೊಳ್ಳುತ್ತೇನೆ.

ನಿನ್ನ ನಂಬಿಕೆಗೆ ಎರವಾದ,
ಅಕ್ಕ

ತಾ.ಕ.: ಕ್ಲಿನಿಕ್ಕಿನ ಬೆಂಚಿನ ಮೇಲೆ ಇದನ್ನು ಬರೆಯುತ್ತಿದ್ದೇನೆ, ಇನ್ನೂ ಒಳಗೆ ಕರೆದಿಲ್ಲ. ಬರುವ ದಾರಿಯಲ್ಲಿ ಗುಬ್ಬಿಗೆ, ನಮ್ಮ ಗುಟ್ಟು ಇವತ್ತಿಗೆ ಮುಗಿಯಿತು, ಡಾಕ್ಟರಮ್ಮ ಏನು ಕೇಳಿದರೂ ಹೇಳಿಬಿಡು ಎಂದು ಹೇಳಿದ್ದೆ. ಅವಳು ಇಷ್ಟು ಹೊತ್ತು ಯೋಚಿಸಿ ಈಗ ನನ್ನ ಸೆರಗು ಎಳೆದು, "ಹಾಗಾದ್ರೆ ಬೆರಳಿಗೆ ಏನು ಮುಟ್ಟಿದ್ರೂ ಗೊತ್ತೇ ಆಗಲ್ಲ ಅನ್ನೋದೂ ಹೇಳ್ಬಹುದಾ ದೊಡ್ಡಮ್ಮ?" ಎಂದು ಕೇಳಿದಳು. ಎಷ್ಟು ದಿನದಿಂದ ಹೀಗಿದೆ, ಯಾಕೆ ಹೇಳಲಿಲ್ಲ ಎಂದೆ. "ತುಂಬಾ ದಿನದಿಂದ. ಮುತ್ತು ಮುಟ್ಟೋ ಬೆರಳಲ್ವಾ, ನೀನೇ ಯಾರಿಗೂ ಹೇಳ್ಬೇಡ ಅಂದಿದ್ದೆಯಲ್ಲ" ಅಂದಳು.